ನಮ್ಮೂರ ಯೋಧರ ಕಲ್ಲಿನಲ್ಲಿ ಎಂಟು ಜನರ ಹೆಸರಿಲ್ಲ. ಏನು ಮಾಡೋಣ?

ಮಲಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಊರ ಹೆಸರು ಸದ್ಯಕ್ಕೆ ಬೇಡ. ಯಾರನ್ನೂ ಬೈಯಲು ಬರೆಯುತ್ತಿಲ್ಲ, ದಾರಿ ಕೇಳಲು ಬಂದಿದ್ದೇನೆ.

ಅಗಸಿ ಹತ್ತಿರ ಹುತಾತ್ಮ ಯೋಧರ ಸ್ಮಾರಕ ಕಟ್ಟುತ್ತಿದ್ದಾರೆ. ಜುಲೈ 26, ಕಾರ್ಗಿಲ್ ವಿಜಯ ದಿವಸಕ್ಕೆ ಉದ್ಘಾಟನೆ. ಒಳ್ಳೆಯ ಕೆಲಸ, ನಾನೂ ವಂತಿಗೆ ಕೊಟ್ಟಿದ್ದೇನೆ. ಕರಿ ಗ್ರಾನೈಟ್ ಮೇಲೆ ಐದು ಹೆಸರು ಬರುತ್ತವೆ, 1962ರಿಂದ ಈಚಿನವರು. ಆದರೆ ನಮ್ಮೂರಿಂದ ಹೋಗಿ ವಾಪಸ್ ಬಾರದವರು ಐದೇ ಜನ ಅಲ್ಲ.

ಹಳೇ ಚಾವಡಿಯ ಗೋಡೆಯಲ್ಲಿ ಒಂದು ಬಿಳಿ ಕಲ್ಲಿದೆ. ಸಣ್ಣವರಿದ್ದಾಗ ಅದಕ್ಕೆ ಬೆನ್ನು ಹಚ್ಚಿ ಕೂತು ಚೌಕಾಬಾರಾ ಆಡುತ್ತಿದ್ದೆವು. ವರ್ಷಾ ವರ್ಷ ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿದ್ದವು. ಮೊನ್ನೆ ತೆಂಗಿನ ನಾರು, ನೀರು ತಗೊಂಡು ಅರ್ಧ ದಿನ ಉಜ್ಜಿದೆ. ಇಂಗ್ಲಿಷಿನಲ್ಲಿದೆ. ಈ ಊರಿಂದ 27 ಜನ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ 4 ಜನ ಪ್ರಾಣ ಕೊಟ್ಟರು ಅಂತ. ಮುಗಿಯಿತು. ಒಂದು ಹೆಸರಿಲ್ಲ.

ಆ ನಾಲ್ವರು. ಎರಡನೇ ಮಹಾಯುದ್ಧಕ್ಕೆ ಹೋದ ಇಬ್ಬರು. ಸಿಆರ್‌ಪಿಎಫ್‌ನಲ್ಲಿದ್ದು ಛತ್ತೀಸಗಡದಲ್ಲಿ ತೀರಿಕೊಂಡ ಒಬ್ಬರು. ಹಿಮದ ಪೋಸ್ಟಿನಲ್ಲಿ ಉಸಿರು ಕಟ್ಟಿ ಸತ್ತ ಒಬ್ಬರು. ಒಟ್ಟು ಎಂಟು. ಕಮಿಟಿಯವರನ್ನು ಕೇಳಿದರೆ, "ಯುದ್ಧದಲ್ಲಿ ಸತ್ತವರದ್ದು ಮಾತ್ರ, ಅದೂ ಸ್ವಾತಂತ್ರ್ಯ ಬಂದ ಮೇಲಿನವರದ್ದು" ಅನ್ನುತ್ತಾರೆ.

ಹಿಮದಲ್ಲಿ ತೀರಿಕೊಂಡವರ ತಾಯಿ ನಮ್ಮ ಓಣಿಯವರೇ. ಸ್ಮಾರಕದ ಪಾಯ ತೋಡುವ ದಿನ ಎಲ್ಲರಿಗೂ ಚಹಾ ಕಾಸಿ ತಂದುಕೊಟ್ಟರು. ಮಗನ ಹೆಸರು ಬರುತ್ತದೆ ಅಂತಲೇ ಅವರು ತಿಳಿದಿದ್ದಾರೆ. ಬರಲ್ಲ ಅಂತ ಅವರಿಗೆ ಹೇಳಲು ಇನ್ನೂ ಯಾರಿಗೂ ಬಾಯಿ ಬಂದಿಲ್ಲ.

ಕುಂದಾ ಪ್ರಿಯ

ಓದಿ ಸಂಕಟ ಆಯಿತು. ಆ ತಾಯಿಗೆ ಯಾರೂ ಏನೂ ಹೇಳಬೇಡಿ. ಮೊದಲು ಪಟ್ಟಿ ಸರಿ ಮಾಡಿಸಿ.

ನಿವೃತ್ತ ಹವಾಲ್ದಾರ್

ತಮ್ಮಾ, ನಾನು 24 ವರ್ಷ ಸರ್ವಿಸ್ ಮಾಡಿ ಬಂದವನು. ಕಮಿಟಿಯವರು ಹೇಳುವುದು ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ ಕೇಳು.

ಸೇನೆಯಲ್ಲಿ ಸಾವಿಗೆ ಎರಡು ಲೆಕ್ಕ. ಒಂದು ಬ್ಯಾಟಲ್ ಕ್ಯಾಶುವಲ್ಟಿ, ಅಂದರೆ ಕಾರ್ಯಾಚರಣೆಯಲ್ಲಿ ಆದ ಸಾವು. ಇನ್ನೊಂದು ಫಿಜಿಕಲ್ ಕ್ಯಾಶುವಲ್ಟಿ, ಅಂದರೆ ಬೇರೆ ಕಾರಣಕ್ಕೆ ಆದ ಸಾವು. ಯಾರು ಯಾವ ಲೆಕ್ಕಕ್ಕೆ ಬರುತ್ತಾರೆ ಅನ್ನುವುದರ ಮೇಲೆ ಮನೆಯವರಿಗೆ ಬರುವ ಪಿಂಚಣಿ ಬೇರೆಯಾಗುತ್ತದೆ. ಸರ್ಕಾರಕ್ಕೆ ಆ ಲೆಕ್ಕ ಬೇಕು, ಒಪ್ಪುತ್ತೇನೆ. ಊರಿಗೆ ಯಾಕೆ ಬೇಕು? ಊರೇನು ಪಿಂಚಣಿ ಕೊಡುತ್ತದಾ?

ಸಿಯಾಚಿನ್‌ನಲ್ಲಿ ಗುಂಡಿಗಿಂತ ಥಂಡಿಯೇ ಜಾಸ್ತಿ ಜನರನ್ನು ಕೊಂದಿದೆ. ಅಲ್ಲಿ ಶತ್ರು ಅಂದರೆ ಮೊದಲು ಗಾಳಿ. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಿದ್ದಾರಲ್ಲ? 2016ರ ಫೆಬ್ರುವರಿ 3ಕ್ಕೆ ಹಿಮ ಕುಸಿದು ಹತ್ತು ಜನ ಒಳಗೆ ಸಿಕ್ಕರು. ಆರು ದಿನದ ಮೇಲೆ ಅವರನ್ನು ಜೀವಂತ ತೆಗೆದರು. ಫೆಬ್ರುವರಿ 11ಕ್ಕೆ ಹೋದರು. ಇಡೀ ನಾಡು ಅತ್ತಿತು. ಗುಂಡು ತಗಲಿ ಸತ್ತವರಲ್ಲ ಅಂತ ಆಗ ಯಾರಾದರೂ ಬಾಯಿ ತೆರೆದರಾ?

ನಿಮ್ಮ ಓಣಿಯ ಆ ತಾಯಿಗೆ ನನ್ನ ಸೆಲ್ಯೂಟ್ ಹೇಳು.

ರಾಯಣ್ಣನ ನಾಡು

ಹಿಮದಲ್ಲಿ ಹೋದವರು, ಸಿಆರ್‌ಪಿಎಫ್‌ನವರು, ಇವರ ಬಗ್ಗೆ ನನ್ನದೇನೂ ತಕರಾರಿಲ್ಲ. ಖಂಡಿತ ಹಾಕಬೇಕು. ಪುಲ್ವಾಮಾದಲ್ಲಿ ಹೋದ 40 ಜನರೂ ಸಿಆರ್‌ಪಿಎಫ್‌ನವರೇ. ಅವರನ್ನು ಹುತಾತ್ಮರಲ್ಲ ಅನ್ನುವವರು ಯಾರಿದ್ದಾರೆ?

ಆದರೆ 1914ರವರು ಬೇರೆ ಮಾತು. ಬ್ರಿಟಿಷರ ಪಗಾರ ತಿಂದು, ಬ್ರಿಟಿಷರ ರಾಜ್ಯ ಬೆಳೆಸಲು ಹೋದವರು. ನಿಮ್ಮ ತಾಲೂಕಿನಲ್ಲೇ ಸಂಗೊಳ್ಳಿ ಇದೆ. ಪಕ್ಕದಲ್ಲಿ ಕಿತ್ತೂರು. 1831ರ ಜನವರಿ 26ಕ್ಕೆ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಅದೇ ಬ್ರಿಟಿಷರು. ರಾಯಣ್ಣನ ಮಣ್ಣಿನಲ್ಲಿ ಅವರ ಸಿಪಾಯಿಗಳಿಗೆ ಹುತಾತ್ಮ ಅಂತ ಕಲ್ಲು ನಿಲ್ಲಿಸುವುದು ನನಗೆ ನುಂಗಲು ಆಗುವುದಿಲ್ಲ. ಸಿಟ್ಟಾಗಬೇಡಿ, ಮನಸ್ಸಿನಲ್ಲಿದ್ದದ್ದು ಹೇಳಿದೆ.

ಖಾನಾಪುರದ ಮಳೆ

ಪಗಾರ ಎಷ್ಟು ಗೊತ್ತಾ ಅಣ್ಣಾರ? ಸಿಪಾಯಿಗೆ ತಿಂಗಳಿಗೆ 11 ರೂಪಾಯಿ. ಮಳೆ ಇಲ್ಲ, ಸಾಹುಕಾರನ ಬಡ್ಡಿ ತೀರಿಲ್ಲ, ಮನೆಯಲ್ಲಿ ಆರು ಬಾಯಿ. ಆ ಹುಡುಗನಿಗೆ ಮೆಸೊಪೊಟೇಮಿಯ, ಅಂದರೆ ಈಗಿನ ಇರಾಕ್, ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಅವನು ಯಾರ ರಾಜ್ಯ ಬೆಳೆಸಲು ಹೋದ?

ಬಾದಾಮಿ ಬಂಡೆ

ರಾಯಣ್ಣನ ನಾಡು ಅವರ ಮಾತನ್ನು ತಳ್ಳಿ ಹಾಕುವಂತಿಲ್ಲ. ಆದರೆ ಆಗಿನ ಕಾಲ ನೋಡಿ. 1918ರಲ್ಲಿ ಗಾಂಧೀಜಿಯೇ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗಿ ಸೈನ್ಯಕ್ಕೆ ಜನ ಸೇರಿಸಲು ನೋಡಿದರು. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯ ಹತ್ತಿರ ಬರುತ್ತದೆ ಅಂತ ಆಗ ಬಹಳ ಜನ ನಂಬಿದ್ದರು. ಅದೇ ಗಾಂಧೀಜಿ ಆರು ವರ್ಷದ ನಂತರ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಇತಿಹಾಸ ಓದಬೇಕು.

ಇನ್ನೊಂದು ಮಾತು. ನಮ್ಮ ಕಡೆ ವೀರಗಲ್ಲು ಇಲ್ಲದ ಊರು ಸಿಗುವುದು ಕಷ್ಟ. ಕೆಳಗಿನ ಹಂತದಲ್ಲಿ ಹೊಡೆದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು, ತುದಿಗೆ ಸೂರ್ಯ ಚಂದ್ರ. ಹಸು ಹಿಡಿಯಲು ಬಂದವರ ಜೊತೆ ಕಾದಾಡಿ ಸತ್ತವನಿಗೂ ಕಲ್ಲು, ಹುಲಿ ಜೊತೆ ಗುದ್ದಾಡಿ ಸತ್ತವನಿಗೂ ಕಲ್ಲು, ಅರಸನ ಯುದ್ಧದಲ್ಲಿ ಸತ್ತವನಿಗೂ ಕಲ್ಲು. ಆ ಅರಸ ಒಳ್ಳೆಯವನಾ ಕೆಟ್ಟವನಾ ಅಂತ ನೋಡಿ ನಿಲ್ಲಿಸಿದ್ದಲ್ಲ. ಸತ್ತವನು ನಮ್ಮವನು ಅಂತ ನಿಲ್ಲಿಸಿದ್ದು.

ಕುಂದಾ ಪ್ರಿಯ

ನಾಯಿಗೂ ಒಂದು ವೀರಗಲ್ಲು ಇದೆ ಅಂತ ಓದಿದ ನೆನಪು?

ಬಾದಾಮಿ ಬಂಡೆ

ಹೌದು, ಆತಕೂರಿನದು. ಮಂಡ್ಯ ಜಿಲ್ಲೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ, ಸುಮಾರು ಕ್ರಿ.ಶ. 950. ಕಾಳಿ ಅನ್ನುವ ಬೇಟೆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸಿದರು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಗುಮ್ಮಟದ ಊರು

ನಾಯಿ ಅಂದ ಕೂಡಲೇ ನೆನಪಾಯಿತು, 2016ರಲ್ಲಿ ನಮ್ಮ ಮುಧೋಳ ನಾಯಿಗಳನ್ನೂ ತರಬೇತಿಗೆ ಅಂತ ಸೇನೆಯವರು ಮೀರತ್‌ಗೆ ಒಯ್ದರು.

ಗದ್ದನಕೇರಿ ಕ್ರಾಸ್

ಮುಧೋಳ ನಾಯಿಗೆ ತರಬೇತಿ ಕೊಡುವುದು ಸುಲಭದ ಮಾತಲ್ಲ. ಓಟಕ್ಕೆ ಅದರ ಸಮ ಇಲ್ಲ, ಆದರೆ ಬೇರೆಯವರ ಮಾತು ಬೇಗ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಇದ್ದವು. ಒಂದಂತೂ ಅಪ್ಪನ ದನಿ ಕೇಳಿದರೆ ಮಾತ್ರ

ವೇದಿಕೆ ನಿರ್ವಾಹಕ

ನಾಯಿಗಳ ಮಾತಿಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಎಂಟು ಜನರ ವಿಷಯ ನಡೆದಿದೆ.

ಗುಮ್ಮಟದ ಊರು

ಕ್ಷಮಿಸಿ, ನಾನೇ ದಾರಿ ತಪ್ಪಿಸಿದೆ. ವಿಷಯಕ್ಕೆ ಬರುತ್ತೇನೆ.

ಮಲಪ್ರಭಾ ದಂಡೆ ಅವರೇ, ನಿಮ್ಮ ಚಾವಡಿಯ ಕಲ್ಲಿನಂಥದ್ದೇ ಕಲ್ಲುಗಳನ್ನು ಆಗ ದೇಶದ ಎಷ್ಟೋ ಹಳ್ಳಿಗಳಲ್ಲಿ ಹಾಕಿಸಿದ್ದರು. ಎಲ್ಲದರಲ್ಲೂ ಅದೇ ವಾಕ್ಯ, ಸಂಖ್ಯೆ ಮಾತ್ರ ಬೇರೆ. ಹೆಸರಿನ ಜಾಗದಲ್ಲಿ ಲೆಕ್ಕ ಬರೆಯುವ ಈ ರೂಢಿ ಹಳ್ಳಿಗಷ್ಟೇ ನಿಲ್ಲಲಿಲ್ಲ. ಇರಾಕಿನ ಬಸ್ರಾದಲ್ಲಿ ದೊಡ್ಡ ಸ್ಮಾರಕ ಇದೆ. 1929ರಲ್ಲಿ ಅನಾವರಣ ಆಯಿತು. ಮೆಸೊಪೊಟೇಮಿಯದಲ್ಲಿ ಸತ್ತು, ಸಮಾಧಿಯ ಗುರುತು ಸಿಗದ 40,000ಕ್ಕೂ ಜಾಸ್ತಿ ಜನರ ಸ್ಮಾರಕ. ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದೂ ಕಲ್ಲಿನಲ್ಲಿದೆ. ನಮ್ಮವರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಸಾದಾ ಸಿಪಾಯಿಗಳದ್ದು ಪಲ್ಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಇಷ್ಟು ಜನ ಅಂತ.

ಆದರೆ ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ 1927ರಲ್ಲೇ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿಸಿದ್ದಾರೆ, ಸಿಪಾಯಿಗಳದ್ದೂ ಸೇರಿ. ಅಂದರೆ ಹೆಸರು ಗೊತ್ತಿರಲಿಲ್ಲ ಅಂತಲ್ಲ. ಯುರೋಪಿನ ಜನ ನೋಡುವ ಕಡೆ ಕೆತ್ತಿದರು, ನೋಡದ ಕಡೆ ಬಿಟ್ಟರು. ನನಗೆ ಹಾಗೇ ಅನಿಸುತ್ತದೆ.

2021ರ ಏಪ್ರಿಲ್‌ನಲ್ಲಿ, ಈ ಸ್ಮಾರಕಗಳನ್ನೆಲ್ಲ ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದವರೇ ವರದಿ ಹೊರಗೆ ತಂದು ತಪ್ಪೊಪ್ಪಿಕೊಂಡರು. ಭಾರತ, ಆಫ್ರಿಕಾ, ಈಜಿಪ್ಟಿನ 45,000ದಿಂದ 54,000 ಜನರಿಗೆ ಸಮಾನ ಗೌರವ ಸಿಕ್ಕಿಲ್ಲ ಅಂತ. ಇನ್ನೂ 1,16,000 ಜನರಿಗೆ, ಅದರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು, ಹೆಸರಿನ ನೆನಪೇ ಇಲ್ಲ ಅಂತ. ಆ ಸಂಖ್ಯೆ 3,50,000ದವರೆಗೂ ಹೋಗಬಹುದು ಅಂತಲೂ ಬರೆದಿದ್ದಾರೆ. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಬಿಟ್ಟವರೇ ಬಿಟ್ಟಿದ್ದು ತಪ್ಪು ಅಂದ ಮೇಲೆ ನಾವು ಮತ್ತೆ ಯಾಕೆ ಬಿಡೋಣ?

ಟಿಳಕವಾಡಿ

ದಿಲ್ಲಿಯ ಇಂಡಿಯಾ ಗೇಟ್ ಮೇಲೆ 70,000 ಜನರ ಹೆಸರೂ ಇದೆಯಲ್ಲ. ಅಲ್ಲಿ ನೋಡಿದರೆ ಸಿಗಬಹುದು.

ಗುಮ್ಮಟದ ಊರು

ಇಲ್ಲ ಸರ್. ಇಂಡಿಯಾ ಗೇಟ್ 70,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು ಹೌದು, 1931ರಲ್ಲಿ ಮುಗಿಯಿತು. ಆದರೆ ಮೇಲೆ ಕೆತ್ತಿರುವುದು 13,000ದಷ್ಟು ಹೆಸರು ಮಾತ್ರ. ಅದರಲ್ಲಿ ಬಹಳಷ್ಟು ವಾಯವ್ಯ ಗಡಿ, ಅಫ್ಘಾನ್ ಯುದ್ಧದವರದ್ದು. ಬಸ್ರಾ ಕಡೆ ಹೋದ ನಮ್ಮ ಮರಾಠಾ ಪಲ್ಟನ್ನಿನವರು ಅಲ್ಲಿ ಸಿಗುವುದು ಕಷ್ಟ.

ಟಿಳಕವಾಡಿ

ಹೌದಾ? ಶಾಲೆಯಲ್ಲಿ ಬೇರೆ ಹೇಳಿದ್ದರು. ಹಾಗಾದರೆ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ?

ನಿವೃತ್ತ ಹವಾಲ್ದಾರ್

ಅದು ಸ್ವಾತಂತ್ರ್ಯದ ನಂತರದವರಿಗೆ. 25,000ಕ್ಕೂ ಮೇಲೆ ಹೆಸರಿದೆ, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ. ನಾನು ಹೋಗಿ ನಮ್ಮ ಕಂಪನಿಯವನ ಹೆಸರು ಹುಡುಕಿ ಕೈ ಇಟ್ಟು ಬಂದೆ. ಬಿಸಿಲಿಗೆ ಕಲ್ಲು ಕಾದಿತ್ತು. ಕೈ ತೆಗೆಯಲು ಮನಸ್ಸು ಬರಲಿಲ್ಲ.

ಸಿಆರ್‌ಪಿಎಫ್‌ನವರಿಗೆ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಇದೆ, 2018ರ ಅಕ್ಟೋಬರ್ 21ಕ್ಕೆ ತೆರೆದರು. ಗೋಡೆ ತುಂಬ ಹೆಸರು. ದಿಲ್ಲಿಯಲ್ಲಿ ಎರಡು ಕಡೆ ಇರಲಿ. ಊರಲ್ಲಿ ಒಂದೇ ಅಗಸಿ, ಒಂದೇ ಕಲ್ಲು ಸಾಕು.

ನಿಪ್ಪಾಣಿಯಿಂದ

ನಾನು ಒಂದು ಪ್ರಶ್ನೆ ಕೇಳುತ್ತೇನೆ, ನೇರವಾಗಿ. ಆ 27 ಜನರಲ್ಲಿ ನಮ್ಮ ದಲಿತ ಕೇರಿಯವರು ಎಷ್ಟು ಜನ ಇದ್ದರು ಅಂತ ಯಾರಾದರೂ ಕೇಳಿದ್ದೀರಾ?

ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಅದನ್ನು ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಮತ್ತೆ ಎರಡನೇ ಯುದ್ಧ ಬಂದಾಗ, 1941ರ ಅಕ್ಟೋಬರಿನಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ ಗೊತ್ತಾ? ಇದೇ ಬೆಳಗಾವಿಯಲ್ಲಿ. ಬೆಳಗಾವಿಯಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ?

ಬಂದೂಕು ಹಿಡಿದವರು ಮಾತ್ರ ಅಲ್ಲ. ಹೇಸರಗತ್ತೆ ಹೊಡೆಯುವವರು, ನೀರು ಹೊರುವವರು, ಗಾಯಾಳುಗಳ ಡೋಲಿ ಹೊರುವವರು, ಅಡಿಗೆಯವರು, ಚಪ್ಪಲಿ ಹೊಲಿಯುವವರು, ಕಸ ತೆಗೆಯುವವರು, ಇವರಿಗೆಲ್ಲ ಫಾಲೋವರ್ ಅಂತ ಕರೆಯುತ್ತಿದ್ದರು. ಗುಂಡು ಅವರನ್ನು ನೋಡಿ ಪಕ್ಕಕ್ಕೆ ಹೋಗಲಿಲ್ಲ. ನನ್ನ ಅಪ್ಪನ ಮುತ್ಯಾ ಡೋಲಿ ಹೊರಲು ಹೋಗಿದ್ದರು, ಬದುಕಿ ಬಂದರು. ಅವರಿಗೆ ಕೊಟ್ಟ ಪದಕವೂ ಬೇರೆ. ಸಿಪಾಯಿಗೆ ಬೆಳ್ಳಿಯದು, ಇವರಿಗೆ ಕಂಚಿನದು. ಪಟ್ಟಿ ಮಾಡುವಾಗ ಕೇರಿಗೂ ಬಂದು ಕೇಳಿ. ಚಾವಡಿಯಲ್ಲಿ ಕೂತು ಮಾಡಬೇಡಿ.

ಮಲಪ್ರಭಾ ದಂಡೆ

ನಿಜ ಅಣ್ಣಾ. ನಾನೂ ಕೇಳಿರಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.

ರಾಯಣ್ಣನ ನಾಡು

ಎಲ್ಲ ಓದಿದೆ. ಎರಡು ದಿನ ಯೋಚನೆ ಮಾಡಿದೆ. ನನ್ನ ತಕರಾರು ಆ ಜನರ ಮೇಲೆ ಅಲ್ಲ, ಒಂದು ಪದದ ಮೇಲೆ. ಹುತಾತ್ಮ ಅಂದರೆ ಒಂದು ಉದ್ದೇಶಕ್ಕೆ ಗೊತ್ತಿದ್ದು ಪ್ರಾಣ ಕೊಟ್ಟವನು. ಬಡತನಕ್ಕೆ ದಂಡಿಗೆ ಹೋಗಿ ಎಲ್ಲೋ ಮರಳಿನಲ್ಲಿ ಜ್ವರ ಬಂದು ಸತ್ತ ಹುಡುಗನಿಗೆ ಆ ಪದ ಹೊಂದುವುದಿಲ್ಲ. ಹಾಗಂತ ಅವನಿಗೆ ಹೆಸರೇ ಬೇಡ ಅಂತ ನಾನು ಹೇಳುವುದಿಲ್ಲ.

ಕಲ್ಲಿನ ಮೇಲೆ ಹೀಗೆ ಬರೆಯಿಸಿ: "ಈ ಊರಿನಿಂದ ದಂಡಿಗೆ ಹೋಗಿ ತಿರುಗಿ ಬಾರದವರು." ಅದರ ಕೆಳಗೆ ಎಲ್ಲರ ಹೆಸರು, ಇಸವಿ. ಆಗ ಉದ್ಘಾಟನೆಗೆ ನಾನೂ ಬರುತ್ತೇನೆ, ಬರಿಗೈಯಲ್ಲಿ ಬರುವುದಿಲ್ಲ.

ಖಾನಾಪುರದ ಮಳೆ

ತಿರುಗಿ ಬಾರದವರು. ಇದು ಬಹಳ ಚೆನ್ನಾಗಿದೆ ಅಣ್ಣಾರ.

ಟಿಳಕವಾಡಿ

ಭಾಷೆ ಯಾವುದು? ಮರಾಠಾ ಪಲ್ಟನ್ನಿನವರು ಇದ್ದಾರೆ ಅಂತೀರಿ. ನಮ್ಮ ಕಡೆ ಬೋರ್ಡಿನ ವಿಷಯಕ್ಕೇ ಎಷ್ಟು ಗಲಾಟೆ ಆಗುತ್ತದೆ ಗೊತ್ತಲ್ಲ.

ಮಲಪ್ರಭಾ ದಂಡೆ

ನಮ್ಮೂರು ಕನ್ನಡದ ಊರು, ಕಲ್ಲು ಕನ್ನಡದಲ್ಲೇ ಇರುತ್ತದೆ. ಎರಡು ಮನೆಯವರು ಮರಾಠಿಯವರಿದ್ದಾರೆ. ಅವರನ್ನೇ ಕೇಳಿದೆ. ಹೆಸರು ತಪ್ಪಿಲ್ಲದೆ ಬಂದರೆ ಸಾಕು ಅಂದರು. ಈ ಕಲ್ಲಿನ ಹತ್ತಿರ ಆ ಜಗಳ ತರುವುದು ಬೇಡ.

ಇಳಕಲ್ ಸೆರಗು

ಎರಡನೇ ಯುದ್ಧಕ್ಕೆ ಹೋದವರ ಬಗ್ಗೆ ನನ್ನದೊಂದು ಅನುಭವ ಹೇಳಬೇಕು, ಸ್ವಲ್ಪ ಉದ್ದ ಆಗಬಹುದು.

ನಮ್ಮ ಅವ್ವನ ಆಯಿ ನಾನು ಐದನೇ ಕ್ಲಾಸಿಗೆ ಹೋಗುವವರೆಗೂ ಇದ್ದರು. ಅವರ ಗಂಡ ಎರಡನೇ ಯುದ್ಧಕ್ಕೆ ಹೋದವರು ಬರಲಿಲ್ಲ. ಊರಲ್ಲಿ ಎಲ್ಲರೂ ಅವರನ್ನು "ದಂಡಿನವ" ಅಂತಲೇ ಕರೆಯುತ್ತಿದ್ದರು. ದತ್ತು ಬಂದವರು, ತಂದೆ ಕಡೆಯವರು ಯಾರೂ ಇರಲಿಲ್ಲ. ಆಯಿ ಹಳೇ ಕಾಲದವರು, ಗಂಡನ ಹೆಸರು ಬಾಯಿಂದ ತೆಗೆಯುತ್ತಿರಲಿಲ್ಲ. ಆಯಿ ಹೋದ ಮೇಲೆ, ಹೊಲದ ಉತಾರದ ಕೆಲಸಕ್ಕೆ ಅವರ ಹೆಸರು ಬೇಕಾಯಿತು. ಯಾರಿಗೂ ಗೊತ್ತಿಲ್ಲ! ಮಾವ ಒಂದು ಹೇಳುತ್ತಾನೆ, ದೊಡ್ಡವ್ವ ಇನ್ನೊಂದು ಹೇಳುತ್ತಾಳೆ.

ಆಗ ಅವ್ವನಿಗೆ ಒಡಪು ನೆನಪಾಯಿತು. ಮದುವೆ ಮನೆಯಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರು ಒಡಪು ಕಟ್ಟಿ ಹೇಳುತ್ತಾರಲ್ಲ, ಆಗ ಮಾತ್ರ ಆ ಹೆಸರು ಬಾಯಿಗೆ ಬರುತ್ತದೆ. ಆಯಿ ಕಟ್ಟಿದ್ದ ಒಡಪು ಇದು. ಅವ್ವ ಅಡಿಗೆ ಮನೆಯಲ್ಲಿ ನಿಂತು ಹೇಳಿದಳು:

ಹಡಗ ಹತ್ತಿ ಹ್ವಾದ್ರು ನೀಲಿ ಸಮುದ್ರ ದಾಟಿ,
ಒಲಿ ಮುಂದ ಕುಂತೇನಿ ರೊಟ್ಟಿ ತಟ್ಟಿ ತಟ್ಟಿ,
… ರಾಯರ ಹೆಸರ ಹೇಳ್ತೇನಿ ದೇವರ ಮುಂದ ಕೈ ಕಟ್ಟಿ.

ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಮನೆಯವರ ಮರ್ಯಾದೆಗೆ. ಆದರೆ ಹೆಸರು ಅಲ್ಲೇ ಇತ್ತು ನೋಡಿ. ಅರವತ್ತು ವರ್ಷ. ಆ ಹೆಸರು ಹಿಡಿದು ನನ್ನ ತಮ್ಮ ಇಂಟರ್ನೆಟ್ಟಿನಲ್ಲಿ ಹುಡುಕಿದ. ಇಟಲಿಯಲ್ಲಿ ಸಾಂಗ್ರೋ ನದಿಯ ಹತ್ತಿರ, ದಹನ ಮಾಡಿದ 500ಕ್ಕೂ ಹೆಚ್ಚು ಭಾರತೀಯರ ಹೆಸರಿರುವ ಸ್ಮಾರಕ ಇದೆ. ಅದರಲ್ಲಿ ಸಿಕ್ಕಿತು. ನೀಲಿ ಸಮುದ್ರ ದಾಟಿ ಅಂತ ಆಯಿ ಸರಿಯಾಗೇ ಹೇಳಿದ್ದರು.

ಮಲಪ್ರಭಾ ದಂಡೆ ಅವರೇ, ಊರಿನ ವಯಸ್ಸಾದ ಹೆಂಗಸರನ್ನು ಕೇಳಿ. ಹೆಸರೇನು ಅಂತ ಕೇಳಬೇಡಿ. ಒಡಪು ಹೇಳಿ ಅಂತ ಕೇಳಿ.

ಕುಂದಾ ಪ್ರಿಯ

ಅಕ್ಕಾರ, ಓದಿ ಕಣ್ಣು ತುಂಬಿ ಬಂತು.

ಬಾದಾಮಿ ಬಂಡೆ

ಕಾಗದ ಉಳಿಸದೇ ಇದ್ದದ್ದನ್ನು ಬಾಯಿ ಉಳಿಸುತ್ತದೆ. ಹಲಗಲಿಯ ಬೇಡರನ್ನೇ ನೋಡಿ. 1857ರಲ್ಲಿ ಹತಾರ ಕೊಡುವುದಿಲ್ಲ ಅಂದು ನಿಂತವರು. ಜಡಗ, ಬಾಲ, ಹನುಮ, ರಾಮ ಅಂತ ಇವತ್ತಿಗೂ ಶಾಲೆಯ ಹುಡುಗರಿಗೂ ಹೆಸರು ಬರುತ್ತದೆ. ಲಾವಣಿ ಹಾಡಿದವರಿಂದ ಬರುತ್ತದೆ.

ಗುಮ್ಮಟದ ಊರು

ಹುಡುಕುವವರಿಗೆ ಮೂರು ಮಾತು ಹೇಳುತ್ತೇನೆ. ಬಸ್ರಾದ ಕಲ್ಲಿನಲ್ಲಿ ಹೆಸರಿಲ್ಲದಿದ್ದರೂ ರಿಜಿಸ್ಟರಿನಲ್ಲಿದೆ. ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಹೆಸರಿನಿಂದ ಶುರು ಮಾಡಬೇಡಿ, ಸಾಹೇಬರು ನಮ್ಮ ಹೆಸರುಗಳನ್ನು ಬರೆದಿರುವ ರೀತಿಗೆ ಗುರುತೇ ಸಿಗುವುದಿಲ್ಲ. ಪಲ್ಟನ್ನಿನಿಂದ ಶುರು ಮಾಡಿ. 103, 110, 117ನೇ ಮರಾಠಾ ಪಲ್ಟನ್ನುಗಳು ಇರಾಕಿನ ಕುತ್ ಅನ್ನುವ ಊರಿನಲ್ಲಿ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ. ಕೊನೆಕೊನೆಗೆ ಕುದುರೆ ಕಡಿದು ತಿನ್ನುವ ಗತಿ. ನಮ್ಮವರಲ್ಲಿ ಬಹಳ ಜನ ಅದನ್ನು ಮುಟ್ಟಲಿಲ್ಲ, ಹಸಿವಿನಿಂದ, ರೋಗದಿಂದ ಸತ್ತರು. ಶರಣಾದ ಸುಮಾರು 13,000 ಜನರನ್ನು ತುರ್ಕರು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಕೆಲವರನ್ನು ಈಗಿನ ಸಿರಿಯಾದ ರಾಸ್ ಅಲ್ ಐನ್‌ನಲ್ಲಿ ರೈಲು ದಾರಿ ಹಾಕಲು ಹಚ್ಚಿದರು. ನಿಮ್ಮ ನಾಲ್ವರಲ್ಲಿ ಯಾರಾದರೂ ಅಲ್ಲಿರಬಹುದು. ದಾಖಲೆಯಲ್ಲಿ ಕೆಲವು ಸಲ ತಂದೆ ಹೆಸರು, ಊರು, ಬೆಳಗಾಂ ಅಂತ ಇರುತ್ತದೆ.

ಎರಡನೆಯದು, ಮನೆಯಲ್ಲಿ ಪದಕ ಇದ್ದರೆ ಅದರ ಅಂಚು ನೋಡಿ. ಮುಖ ಅಲ್ಲ, ಅಂಚು. ನಂಬರು, ಹೆಸರು, ಪಲ್ಟನ್ ಅಲ್ಲೇ ಒತ್ತಿರುತ್ತಾರೆ.

ಮೂರನೆಯದು, ಸತ್ತವರ ಮನೆಗೆ ಅಂಗೈಗಿಂತ ದೊಡ್ಡದಾದ ಕಂಚಿನ ಬಿಲ್ಲೆ ಕಳಿಸುತ್ತಿದ್ದರು. ಸುಮಾರು 12 ಸೆಂಟಿಮೀಟರ್ ಅಗಲ. ಒಂದು ಹೆಂಗಸು, ಒಂದು ಸಿಂಹ ಇರುತ್ತದೆ. ಒಂದು ಚೌಕದಲ್ಲಿ ಸತ್ತವನ ಹೆಸರು ಉಬ್ಬಿರುತ್ತದೆ. ಅಂಥದ್ದು ಊರಲ್ಲಿ ಯಾರ ಮನೆಯಲ್ಲಾದರೂ ಇದೆಯಾ ಕೇಳಿ.

ಗದ್ದನಕೇರಿ ಕ್ರಾಸ್

ಬೆಳ್ಳಿ ಪದಕ ಎಲ್ಲಿ ಉಳಿಯುತ್ತದೆ ಸರ್? ನಮ್ಮ ಮುತ್ಯಾನದ್ದು ಪತ್ತಾರನ ಕುಲುಮೆಗೆ ಹೋಗಿ ಅತ್ತೆಯ ಕಾಲುಂಗುರ ಆಯಿತು. ಬರದ ವರ್ಷ.

ಕಲ್ಲಿನ ಕೆಲಸದವನು

ನಾನು ಕಲ್ಲು ಕೆತ್ತುವವನು, ಬಾಗಲಕೋಟೆ ಕಡೆ. ಕೆಲಸದ ಮಾತು ಹೇಳುತ್ತೇನೆ.

ಕಲ್ಲು ತುಂಬಾ ಹೆಸರು ತುಂಬಿಸಬೇಡಿ. ಕೆಳಗೆ ಮೂರನೇ ಒಂದು ಭಾಗ ಖಾಲಿ ಇರಲಿ. ಹೆಸರು ಆಮೇಲೆ ಸಿಗುತ್ತವೆ, ಸಿಕ್ಕಾಗ ಜಾಗ ಇಲ್ಲದೆ ಹೊಸ ಕಲ್ಲು ಹಾಕಿಸಿದರೆ ಬಣ್ಣ ಹೊಂದುವುದಿಲ್ಲ. ಮಷೀನಿನಲ್ಲಿ ಮೇಲೆ ಮೇಲೆ ತೆಗೆದು ಬಣ್ಣ ತುಂಬಿದರೆ ಕೆಲವೇ ವರ್ಷಕ್ಕೆ ಬಣ್ಣ ಉದುರುತ್ತದೆ, ಅಕ್ಷರ ಕಾಣುವುದಿಲ್ಲ. ಅಕ್ಷರ ಆಳ ಇರಲಿ, ಬಣ್ಣ ಹೋದರೂ ಬೆರಳಿಗೆ ಸಿಗಬೇಕು. ಒತ್ತು, ದೀರ್ಘ ಎಲ್ಲ ಮನೆಯವರಿಂದ ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿ ತನ್ನಿ. ಫೋನಿನಲ್ಲಿ ಹೇಳಬೇಡಿ. ಒಂದು ಸಲ ಫೋನಿನಲ್ಲಿ ಕೇಳಿ ಕೆತ್ತಿ, ಒಬ್ಬರ ಅಡ್ಡಹೆಸರು ತಪ್ಪಾಗಿ, ಮನೆಯವರು ಬಂದು ಕಲ್ಲಿನ ಮುಂದೆ ಸುಮ್ನೆ ನಿಂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಕಾಗದ ಇಲ್ಲದೆ ಉಳಿ ಹಿಡಿಯುವುದಿಲ್ಲ.

ಹಳೇ ಬಿಳಿ ಕಲ್ಲು ಕೀಳಬೇಡಿ. ಅದು ಗೋಡೆಯೊಳಗೆ ಎಷ್ಟು ಹೋಗಿದೆ ಗೊತ್ತಿಲ್ಲ, ಕೀಳುವಾಗ ಒಡೆಯುತ್ತದೆ. ಸುಣ್ಣ ಹಚ್ಚುವುದನ್ನು ಮಾತ್ರ ನಿಲ್ಲಿಸಿ.

ನಿವೃತ್ತ ಹವಾಲ್ದಾರ್

ಕಾಗದದ ಮಾತು ಬಂತು. ಕಮಿಟಿ ಎದುರು ಬಾಯಿ ಮಾತಿನಲ್ಲಿ ವಾದ ಮಾಡಬೇಡ ತಮ್ಮಾ. ಗ್ರಾಮ ಸಭೆಯಲ್ಲಿ ವಿಷಯ ಇಡು, ಠರಾವು ಮಾಡಿಸು. ಸರ್ವಿಸಿನಲ್ಲಿ ತೀರಿಕೊಂಡವರ ಕಾಗದಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳು. ಹೋಗುವಾಗ ಆ ತಾಯಿಯನ್ನು ಕರೆದುಕೊಂಡು ಹೋಗಬೇಡ, ಅವರಿಂದ ಒಂದು ಅರ್ಜಿ ಬರೆಸಿಕೊಂಡು ಹೋಗು ಸಾಕು.

ಮಲಪ್ರಭಾ ದಂಡೆ

ಹನ್ನೆರಡು ದಿನ ಆಯಿತು. ಏನೇನಾಯಿತು ಹೇಳುತ್ತೇನೆ.

ಮೊದಲು ಕೇರಿಗೆ ಹೋದೆ. ಒಬ್ಬರು ಅಜ್ಜ ಇದ್ದಾರೆ, ಕಣ್ಣು ಕಾಣುವುದಿಲ್ಲ. ಅವರ ದೊಡ್ಡಪ್ಪ ಹೇಸರಗತ್ತೆ ಹೊಡೆಯಲು ಹೋದವರು ಬರಲಿಲ್ಲ ಅಂದರು. ಹೆಸರು ಹೇಳಿದರು, ತಂದೆ ಹೆಸರೂ ಹೇಳಿದರು. "ಇಲ್ಲಿವರೆಗೆ ಯಾರೂ ಕೇಳಿರಲಿಲ್ಲಪ್ಪ" ಅಂದರು. ನನಗೆ ಉತ್ತರ ಬರಲಿಲ್ಲ. ಆಯೋಗದ ದಾಖಲೆಯಲ್ಲಿ ಅದೇ ಹೆಸರು, ತಂದೆ ಹೆಸರು, ಬೆಳಗಾಂ ಅಂತ ಸಿಕ್ಕಿತು. ಬಸ್ರಾ. 1917.

ಎರಡನೆಯವರೂ ದಾಖಲೆಯಲ್ಲೇ ಸಿಕ್ಕರು. 110ನೇ ಪಲ್ಟನ್. ಊರ ಹೆಸರಿನ ಸ್ಪೆಲಿಂಗ್ ಎಷ್ಟು ಕೆಟ್ಟಿತ್ತು ಅಂದರೆ ಬಾಯಿ ಬಿಟ್ಟು ಓದಿದಾಗ ಮಾತ್ರ ನಮ್ಮೂರು ಅಂತ ಗೊತ್ತಾಯಿತು.

ಮೂರನೆಯವರದ್ದು ಹೇಗೆ ಸಿಕ್ಕಿತು ಅಂತ ಹೇಳಲೇಬೇಕು. ಗುಮ್ಮಟದ ಊರು ಅವರು ಹೇಳಿದ ಕಂಚಿನ ಬಿಲ್ಲೆಯ ಚಿತ್ರ ಫೋನಿನಲ್ಲಿ ಇಟ್ಟುಕೊಂಡು ಮನೆಮನೆಗೆ ತೋರಿಸುತ್ತಾ ಹೋದೆ. ಹನುಮಪ್ಪನ ಗುಡಿಯ ಹಿಂದಿನ ಮನೆಯಲ್ಲಿ ಒಬ್ಬ ಅಜ್ಜಿ ಚಿತ್ರ ನೋಡಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮಜ್ಜಿಗೆ ಗಡಿಗೆಯ ಮುಚ್ಚಳ. ಅವರ ಅತ್ತೆಯ ಅತ್ತೆಯ ಕಾಲದಿಂದ ಅದು ಮುಚ್ಚಳವೇ. ಭಾರ ಇರುತ್ತದೆ, ಬೆಕ್ಕು ಸರಿಸಲು ಆಗುವುದಿಲ್ಲ ಅಂತ. ಕಪ್ಪಾಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಮೊದಲು ಸಿಂಹದ ಬೆನ್ನು ಬಂತು, ಆಮೇಲೆ ಚೌಕ, ಆಮೇಲೆ ಅಕ್ಷರ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಓದಿದೆ. ಅವರ ಮಗನಿಗೂ ಅದೇ ಹೆಸರು. ಮನೆತನದ ಹೆಸರು ಅಂತ ಇಟ್ಟಿದ್ದರಂತೆ, ಯಾರ ಹೆಸರು ಅಂತ ಗೊತ್ತಿಲ್ಲದೆ.

ನಾಲ್ಕನೆಯವರು ಸಿಕ್ಕಿಲ್ಲ. ಎಲ್ಲ ಮನೆಗೂ ಹೋದೆ, ಒಡಪನ್ನೂ ಕೇಳಿದೆ.

ಎರಡನೇ ಯುದ್ಧದ ಇಬ್ಬರ ಹೆಸರು ಮನೆಯವರಿಗೆ ಗೊತ್ತಿತ್ತು, ಕಾಗದವೂ ಇತ್ತು.

ಗ್ರಾಮ ಸಭೆಯಲ್ಲಿ ಎರಡು ತಾಸು ಜಗಳ ಆಯಿತು. ಖರ್ಚಿನ ಮಾತು ಬಂತು, ಶಿಷ್ಟಾಚಾರದ ಮಾತು ಬಂತು, ನಿನಗೇನು ಸಂಬಂಧ ಅಂತ ಒಬ್ಬರು ಕೇಳಿದರು. ಆಗ ಹಿಮದಲ್ಲಿ ಹೋದವರ ತಾಯಿ ಹೆಂಗಸರ ಕಡೆಯಿಂದ ಎದ್ದು ನಿಂತರು. ಅವರಿಗೆ ಯಾರೋ ಹೇಳಿಬಿಟ್ಟಿದ್ದರು. "ನನ್ನ ಮಗನ ಹೆಸರು ಬರೆಯದಿದ್ದರೂ ನಡೆಯುತ್ತದೆ, ಆ ಹಳೇ ಹುಡುಗರದ್ದು ಬರೆಯಿರಿ, ಅವರವ್ವಂದಿರು ಕೇಳಲು ಇಲ್ಲ" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಪಿಡಿಒ ಠರಾವು ಬರೆದುಕೊಂಡರು. ಎಲ್ಲರದ್ದೂ ಬರುತ್ತದೆ. ಅವರ ಮಗನದ್ದೂ.

ತಲೆಬರಹ "ಈ ಊರಿನಿಂದ ದಂಡಿಗೆ ಹೋಗಿ ತಿರುಗಿ ಬಾರದವರು". ರಾಯಣ್ಣನ ನಾಡು ಅವರೇ, ನಿಮ್ಮ ವಾಕ್ಯ, ಬರಲೇಬೇಕು.

ರಾಯಣ್ಣನ ನಾಡು

ಬರುತ್ತೇನೆ. ಕಲ್ಲಿನ ಕೆತ್ತನೆ ಖರ್ಚಿನಲ್ಲಿ ಆ ನಾಲ್ವರ ಸಾಲಿನದ್ದು ನನ್ನದು.

ನಿವೃತ್ತ ಹವಾಲ್ದಾರ್

ತಾಯೇ. ಇನ್ನೇನು ಬರೆಯಲಿ. ಜುಲೈ 26ಕ್ಕೆ ಯೂನಿಫಾರ್ಮಿನ ಪದಕ ಹಾಕಿಕೊಂಡು ಬರುತ್ತೇನೆ, ನಮ್ಮ ಕಡೆಯ ಮಾಜಿ ಸೈನಿಕರನ್ನೂ ಕರೆತರುತ್ತೇನೆ.

ನಿಪ್ಪಾಣಿಯಿಂದ

ಕೇರಿಯ ಅಜ್ಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಕಣ್ಣು ಕಾಣುವುದಿಲ್ಲ ಅಂದಿರಿ, ಅಕ್ಷರದ ಮೇಲೆ ಕೈ ಇಡಿಸಿ.

ಕಲ್ಲಿನ ಕೆಲಸದವನು

ಅದಕ್ಕೇ ಆಳವಾಗಿ ಕೆತ್ತಲು ಹೇಳಿದ್ದು. ನಾಲ್ಕನೆಯವರ ಸಾಲಿಗೆ ಏನು ಮಾಡುತ್ತೀರಿ?

ಮಲಪ್ರಭಾ ದಂಡೆ

ಮೂರನೇ ಹೆಸರಿನ ಕೆಳಗೆ ಒಂದು ಸಾಲು ಗೆರೆ ಎಳೆದು ಖಾಲಿ ಬಿಡಲು ಹೇಳಿದ್ದೇನೆ. ಇಸವಿ ಮಾತ್ರ ಇರುತ್ತದೆ, 1914-1919. ಪಕ್ಕದೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗಳು ಇನ್ನೂ ಉಳಿದಿವೆ. ಭಾನುವಾರ ಮುರಗೋಡಕ್ಕೆ ಹೋಗುತ್ತಿದ್ದೇನೆ, ಅಲ್ಲೊಬ್ಬರು ಮುತ್ತಜ್ಜಿ ಇದ್ದಾರಂತೆ.

ಇಳಕಲ್ ಸೆರಗು

ಒಡಪು ಕೇಳುವುದು ಮರೆಯಬೇಡಿ. ಹೆಂಗಸರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಗಂಡಸರ ಮುಂದೆ ಹೇಳುವುದಿಲ್ಲ.

ಮಲಪ್ರಭಾ ದಂಡೆ

ಅವ್ವ ಬರುತ್ತಾಳೆ ಅಕ್ಕಾರ. ಆಗಲೇ ಎಲೆ ಅಡಿಕೆ ಕಟ್ಟಿಟ್ಟಿದ್ದಾಳೆ.